ಕಾಠಿನ್ಯಕ್ಕೆ ಪ್ರಮಾಣವೇನು?

ಬಂಡೆಯ ಎತ್ತರವನ್ನು ಅಳೆಯಲು ಒಂದು ನೂಲು ಸಾಕು. ಅದನ್ನು ಏರುವ ಕಷ್ಟವನ್ನು ಅಳೆಯಲಾದರೋ ಏರಿದವನ ಮೈಯ ಹೊರತು ಬೇರೆ ಸಾಧನವಿಲ್ಲ. ಶಿಲಾರೋಹಿಗಳಲ್ಲಿ ಹೊಸ ದಾರಿಯನ್ನು ಮೊದಲು ಏರಿದವನೇ ಅದರ ಕಾಠಿನ್ಯಕ್ಕೆ ಒಂದು ಅಂಕವನ್ನು ಸೂಚಿಸುವನು. ಅನಂತರ ಏರಿದವರು ಅದನ್ನು ಒಪ್ಪುವರು, ಇಲ್ಲವೆ ತಿದ್ದುವರು. ವೇದಾಂತಿಗಳ ಮಾತಿನಲ್ಲಿ ಕೇಳುವುದಾದರೆ, ಈ ಅಂಕವು ವಸ್ತುತಂತ್ರವೋ ಪುರುಷತಂತ್ರವೋ? ನೀಳ ತೋಳಿನವನಿಗೆ ಎಟುಕಿದ ಕಲ್ಲಿನಂಚು ಗಿಡ್ಡನಿಗೆ ಎಟುಕದು. ಮೇಲಾಗಿ, ಎಲ್ಲಿ ಕೈಯಿಡಬೇಕು, ಎಲ್ಲಿ ಕಾಲೂರಬೇಕೆಂದು ಹುಡುಕುವ ಶ್ರಮವೆಲ್ಲ ಮೊದಲಿಗನದೇ. ಹಿಂದೆ ಬಂದವರಿಗೆ, ಈ ದಾರಿ ಮನುಷ್ಯಸಾಧ್ಯವೆಂಬುದಾದರೂ ತಿಳಿದಿರುತ್ತದೆ.

ಫ್ರಾನ್ಸಿನ ಫ್ರೆಡ್ ರೂಲಿಂಗ್ ಎಂಬಾತನು 1995ರಲ್ಲಿ ‘ಅಕಿರಾ’ ಎಂಬ ದಾರಿಯನ್ನು ಏರಿ, ಅದಕ್ಕೆ 9ಬಿ ಎಂಬ ಅಂಕವನ್ನಿತ್ತನು. ಫ್ರೆಂಚರ ಕ್ರಮದಲ್ಲಿ ಅಂದಿಗೆ ಮೇರೆಯಾಗಿದ್ದುದು 9ಎ. ಅಂಕವನ್ನು ನಂಬದ ಅನೇಕರು ಆತನು ಏರಿದುದನ್ನೇ ಶಂಕಿಸಿದರು. 25 ವರ್ಷಗಳ ತರುವಾಯ, 2020ರಲ್ಲಿ, ಸೆಬ್ ಬುವಾನ್, ಲೂಸಿಯಾನ್ ಮಾರ್ಟಿನೆಜ್ ಎಂಬಿಬ್ಬರು ಅದನ್ನೇರಿ 9ಎ ಎಂದರು. ಹಾಗಾದರೆ ರೂಲಿಂಗನು ಅನೃತವಾಡಿದನೇ? ಹಗ್ಗವನ್ನು ಹಾವೆಂದು ಕೂಗಿದವನು ತನಗೆ ಕಂಡುದನ್ನೇ ಕೂಗಿದನಷ್ಟೆ. ಭ್ರಾಂತಿಗೂ ವಂಚನೆಗೂ ಒಂದೇ ದಂಡವನ್ನು ಯಾವ ಧರ್ಮಶಾಸ್ತ್ರವೂ ವಿಧಿಸದು. ಅಂಕವನ್ನು ತಗ್ಗಿಸುವ ಅಧಿಕಾರವು ಏರಿದ ಆ ಇಬ್ಬರಿಗೆ ಇದ್ದಿತು. ಕೆಳಗೆ ನಿಂತೇ ಶಂಕಿಸಿದವರಿಗೆ ಅದು ಎಲ್ಲಿಂದ ಬಂದಿತೋ ನನಗೆ ತಿಳಿಯದು.