ಕಾವಲು ಮತ್ತು ಹೊಂಚು

ಗಣಕಯಂತ್ರವು ಯಜಮಾನನ ಸೊತ್ತು. ಅದರ ಮುಂದೆ ಕುಳಿತು ಕೆಲಸ ಮಾಡುವವನ ಏಕಾಂತವು ಯಾರ ಸೊತ್ತು? ರಿಮೋಟ್ ಡೆಸ್ಕ್‌ಟಾಪ್ ಎಂಬ ತಂತ್ರಾಂಶವು ಈ ಪ್ರಶ್ನೆಯನ್ನು ಶ್ರಾವಕರ ಅಂಗಡಿಗೂ ಬಸದಿಯ ಕಚೇರಿಗೂ ತಂದಿದೆ. ಕೆಟ್ಟ ಯಂತ್ರವನ್ನು ದೂರದಿಂದಲೇ ಸರಿಪಡಿಸಲು ಉಪಕಾರಿಯಾದ ಇದನ್ನು ಗುಟ್ಟಾಗಿ ಅಳವಡಿಸಿದರೆ, ಗುಮಾಸ್ತನ ಪರದೆಯ ಮೇಲಿನದೆಲ್ಲವನ್ನೂ ಅವನರಿಯದಂತೆ ಓದಬಹುದು.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲೋಯರ್ ಮೆರಿಯನ್ ಶಾಲಾ ಜಿಲ್ಲೆಯು ಸುಮಾರು 2,300 ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್‌ಗಳನ್ನು ಕೊಟ್ಟಿತ್ತು. ಕಳೆದುಹೋದ ಯಂತ್ರಗಳ ಪತ್ತೆಗೆಂದು, ಅವುಗಳ ಪರದೆಯ ಹಾಗೂ ಕ್ಯಾಮೆರಾದ ಚಿತ್ರಗಳನ್ನು ದೂರದಿಂದಲೇ ಪಡೆಯುವ ಏರ್ಪಾಡು ಅವುಗಳಲ್ಲಿತ್ತು. ಇದನ್ನು ಮಕ್ಕಳಿಗಾಗಲಿ ಪೋಷಕರಿಗಾಗಲಿ ತಿಳಿಸಿರಲಿಲ್ಲ. ಯಂತ್ರ ಸಿಕ್ಕಿದ ಮೇಲೂ ಅದನ್ನು ನಿಲ್ಲಿಸದೆ ಬಿಟ್ಟುದುಂಟು. ಮನೆಯೊಳಗಿನವೂ ಸೇರಿದಂತೆ ಸಾವಿರಗಟ್ಟಲೆ ಚಿತ್ರಗಳು ಸಂಗ್ರಹವಾದವು. 2010ರಲ್ಲಿ ದಾವೆಗಳು 6,10,000 ಡಾಲರುಗಳ ರಾಜಿಯಲ್ಲಿ ಮುಗಿದವು. ಅಪರಾಧದ ಉದ್ದೇಶಕ್ಕೆ ಸಾಕ್ಷ್ಯವಿಲ್ಲವೆಂದು ಸರಕಾರಿ ವಕೀಲರು ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ.

ದುರುದ್ದೇಶವಿಲ್ಲವೆಂದ ಮಾತ್ರಕ್ಕೆ ಜಿನಧರ್ಮದಲ್ಲಿ ದೋಷ ಪರಿಹಾರವಾಗದು. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸುತ್ತದೆ. ನಿಲ್ಲಿಸಲು ಮರೆತ ಎಚ್ಚರಗೇಡಿತನವೂ ಪ್ರಮಾದವೇ. ಕೊಡದಿರುವುದನ್ನು ತೆಗೆದುಕೊಳ್ಳುವುದನ್ನು ಅದು ಕಳವೆಂದು ಕರೆಯುತ್ತದೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಮೂರಕ್ಕೆ ಇಲ್ಲಿ ಎಡೆಯಿದೆ. ಏಕಾಂತದ ಸಂಗತಿಯನ್ನು ಹೊರಗೆಡಹುವುದು ರಹೋಭ್ಯಾಖ್ಯಾನ. ಇಂಗಿತದಿಂದ ಅನ್ಯರ ಮನದ ಅಭಿಪ್ರಾಯವನ್ನು ತಿಳಿದು ಬಯಲುಮಾಡುವುದು ಸಾಕಾರಮಂತ್ರಭೇದ. ಮೂರನೆಯದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ. ಈ ತಂತ್ರಾಂಶದಲ್ಲಿ ಪೂರ್ಣ ಅಧಿಕಾರ ಪಡೆದವನು ನೋಡುವುದಷ್ಟೇ ಅಲ್ಲ, ಬರೆಯಲೂ ಬಲ್ಲನು. ದೂರದ ಕೈ ತಿದ್ದಿದ ಲೆಕ್ಕವು ಗುಮಾಸ್ತನ ಹೆಸರಿನಲ್ಲಿಯೇ ದಾಖಲಾಗಬಹುದು. ಆಗ ನಿರಪರಾಧಿಯು ತನ್ನ ಸತ್ಯವನ್ನು ಸ್ಥಾಪಿಸುವುದು ಹೇಗೆ?

ಬಸದಿಯ ಹಣವನ್ನು ಕಾಯುವುದು ಟ್ರಸ್ಟಿನ ಕರ್ತವ್ಯವಲ್ಲವೆ ಎಂದು ಕೇಳಬಹುದು. ನಿಶ್ಚಯವಾಗಿಯೂ ಕರ್ತವ್ಯವೇ. ಆದರೆ ಕಾವಲಿಗೂ ಹೊಂಚಿಗೂ ಅಂತರವಿದೆ. ಮುಂಚಿತವಾಗಿ ಬರಹದಲ್ಲಿ ತಿಳಿಸಿ, ಲೆಕ್ಕದ ಕೆಲಸಕ್ಕೆ ಮಾತ್ರ ಮಿತಿಗೊಳಿಸಿ, ಯಾರು ಯಾವಾಗ ನೋಡಿದರೆಂಬುದನ್ನು ದಾಖಲಿಸಿ, ಕಾರ್ಯ ತೀರಿದೊಡನೆ ನಿಲ್ಲಿಸಿದರೆ ಅದು ಕಾವಲು. ಗುಮಾಸ್ತನ ಮುಖ ನೋಡಿ ಹೇಳಲು ಯಜಮಾನನಿಗೆ ನಾಚಿಕೆಯಾಗುವುದಾದರೆ ಅದು ಹೊಂಚು.

ಕೇವಲಿ ಭಗವಂತರು ಲೋಕವೆಲ್ಲವನ್ನೂ ಕಾಣುತ್ತಾರೆ. ಆದರೆ ವೀತರಾಗರಾಗಿ ಕಾಣುತ್ತಾರೆ. ಸಂಶಯದಿಂದ ಇಣುಕಿ ನೋಡುವವನಲ್ಲಿ ಬೆಳೆಯುವುದು ಕಷಾಯವೇ. ಪರದೆಯ ಆಚೆಗಿರುವವನಿಗೆ ಈ ಸಂಗತಿ ಎಂದಿಗೂ ತಿಳಿಯದೆ ಹೋದರೂ, ಈಚೆಗಿರುವವನಿಗೆ ಕರ್ಮಬಂಧವು ತಪ್ಪದು.