ನಗರದಲ್ಲಿ ದೇವರಿಗೆ ಎಡೆ

ಪೇಟೆ ಸೇರಿದವರು ದೇವರನ್ನು ಮರೆಯುತ್ತಾರೆ ಎಂಬ ಹಿರಿಯರ ಆತಂಕಕ್ಕೆ ಸಮಾಜಶಾಸ್ತ್ರದ ಬೆಂಬಲವೂ ಇತ್ತು. ಲೌಕಿಕೀಕರಣ ಎಂಬ ಸಿದ್ಧಾಂತ ಹೇಳುತ್ತಿದ್ದುದು ಹೆಚ್ಚುಕಡಿಮೆ ಅದನ್ನೇ. ಜರ್ಮನ್ ಚಿಂತಕ ಮ್ಯಾಕ್ಸ್ ವೆಬರ್ 1917ರಲ್ಲಿ ಮ್ಯೂನಿಕ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಟ್ರಾಮಿನ ಉದಾಹರಣೆ ಕೊಟ್ಟರು. ಟ್ರಾಮ್ ಹತ್ತಿದವರಲ್ಲಿ ಹೆಚ್ಚಿನವರಿಗೆ ಅದು ಓಡುವ ಬಗೆ ಗೊತ್ತಿರುವುದಿಲ್ಲ. ಆದರೂ ತಿಳಿಯಬೇಕೆಂದರೆ ತಿಳಿಯಬಹುದು, ಅದರ ಹಿಂದೆ ದೆವ್ವವೂ ಇಲ್ಲ, ದೈವವೂ ಇಲ್ಲ ಎಂಬ ಭರವಸೆ ಇರುತ್ತದೆ. ಜಗತ್ತಿಗಿದ್ದ ಮಂತ್ರಶಕ್ತಿ ಕಳಚುವುದು ಹೀಗೆ ಎಂಬುದು ಅವರ ವಾದ.

ಅಮೆರಿಕದ ಹಾರ್ವೆ ಕಾಕ್ಸ್ 1965ರಲ್ಲಿ ‘ದಿ ಸೆಕ್ಯುಲರ್ ಸಿಟಿ’ ಬರೆದರು. ಸ್ವತಃ ಬ್ಯಾಪ್ಟಿಸ್ಟ್ ಪಾದ್ರಿಯಾದರೂ ಈ ಬದಲಾವಣೆಗೆ ಹೆದರಲಿಲ್ಲ. ನಗರ ಕೊಡುವ ಅನಾಮಿಕತೆಯನ್ನು ಬಿಡುಗಡೆಯೆಂದೇ ಸ್ವಾಗತಿಸಿದರು.

ಬೆಂಗಳೂರಿಗೆ ಬಂದರೆ ಈ ಸಿದ್ಧಾಂತ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. 1898ರಲ್ಲಿ ಪ್ಲೇಗ್ ಬಡಿದಾಗ ಜನ ಇಕ್ಕಟ್ಟಿನ ಪೇಟೆ ಬಿಟ್ಟು ಗಾಳಿ ಬೆಳಕಿನ ಬಸವನಗುಡಿ, ಮಲ್ಲೇಶ್ವರಗಳತ್ತ ಹೊರಟರು. ಅದೇ ಪ್ಲೇಗು ಊರಿನ ಅಲ್ಲಲ್ಲಿ ಪ್ಲೇಗಮ್ಮನ ಗುಡಿಗಳನ್ನೂ ಕಟ್ಟಿಸಿತು. ಚರಂಡಿಯೂ ಬೇಕಿತ್ತು, ಅಮ್ಮನೂ ಬೇಕಿದ್ದಳು.

ಇನ್ನೂ ದೊಡ್ಡ ಸಾಕ್ಷಿ ದ್ರೌಪದಿಯ ಹೆಸರಿನ ಕರಗ ಉತ್ಸವ. ಚೈತ್ರ ಹುಣ್ಣಿಮೆಯ ನಡುರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೆಣ್ಣುಡುಗೆ ತೊಟ್ಟ ಪೂಜಾರಿ ಹೊರಬರುತ್ತಾರೆ. ತಲೆಯ ಮೇಲೆ ಮಲ್ಲಿಗೆ ಮುಚ್ಚಿದ ಎತ್ತರದ ಕರಗ. ಅದಕ್ಕೆ ಕೈಯ ಆಸರೆಯಿಲ್ಲ. ಸುತ್ತ ಕತ್ತಿ ಹಿರಿದ ವೀರಕುಮಾರರು. ಇದನ್ನು ಉಳಿಸಿಕೊಂಡು ಬಂದ ತಿಗಳರು ತೋಟಗಾರರು, ಕೆರೆಯ ನೀರನ್ನು ನಂಬಿ ಬದುಕಿದವರು. ಅವರ ಸಂಪಂಗಿ ಕೆರೆ ಇದ್ದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಆದರೂ ಉತ್ಸವದ ಭಾಗವಾದ ಹಸಿ ಕರಗದ ವಿಧಿ ಆ ಕೆರೆಯ ನಂಟು ಬಿಟ್ಟಿಲ್ಲ. ನಕ್ಷೆಯಿಂದ ಅಳಿಸಿಹೋದ ಕೆರೆಯನ್ನು ಆಚರಣೆ ನೆನಪಿಟ್ಟುಕೊಂಡಿದೆ.

ಲೌಕಿಕೀಕರಣದ ಪ್ರಬಲ ಪ್ರತಿಪಾದಕರಾಗಿದ್ದ ಪೀಟರ್ ಬರ್ಗರ್ 1999ರ ಹೊತ್ತಿಗೆ ತಮ್ಮ ನಿಲುವನ್ನೇ ಕೈಬಿಟ್ಟಿದ್ದರು. 2007ರಲ್ಲಿ ಕೆನಡಾದ ಚಾರ್ಲ್ಸ್ ಟೇಲರ್ ಪ್ರಶ್ನೆಯನ್ನೇ ಬದಲಿಸಿದರು. ಅವರ ಪ್ರಕಾರ ಆಧುನಿಕ ಕಾಲದಲ್ಲಿ ನಂಬಿಕೆ ಇಲ್ಲವಾಗುವುದಿಲ್ಲ, ಹಲವು ಆಯ್ಕೆಗಳಲ್ಲಿ ಒಂದಾಗುತ್ತದೆ. ನಂಬದವನೂ, ಬೇರೆ ಥರ ನಂಬುವವನೂ ಪಕ್ಕದ ಮನೆಯಲ್ಲೇ ಇರುತ್ತಾನೆ. ನಗರದ ಧರ್ಮವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಬೆಳಕಿಲ್ಲ.

ಆದರೆ ಆ ಆಯ್ಕೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುತ್ತಿಲ್ಲ. ಬಾಡಿಗೆ ಮನೆ ಹುಡುಕುವವರು ಗೇಟಿನ ಬಳಿಯೇ ಎದುರಿಸುವ ಪ್ರಶ್ನೆ: “ನೀವು ಯಾವ ಜನ?” ಉತ್ತರ ಹಿಡಿಸದಿದ್ದರೆ ಮನೆ ಆಗಲೇ ಬೇರೆಯವರಿಗೆ ಹೋಗಿರುತ್ತದೆ. ಕಾಕ್ಸ್ ಮೆಚ್ಚಿದ ಅನಾಮಿಕತೆ ಅಲ್ಲಿಗೆ ಮುಗಿಯಿತು. ಇದೇ ಊರಿನಲ್ಲಿ ದ್ರೌಪದಿಯ ಕರಗ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ಕೊಟ್ಟೇ ಮುಂದೆ ಸಾಗುತ್ತದೆ. ಆ ಪದ್ಧತಿಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಬೆಂಗಳೂರಿನವರು ಮನೆ ಬಾಡಿಗೆಗೆ ಕೊಡುವಾಗ ಆ ಪ್ರಶ್ನೆಯನ್ನು ಕೈಬಿಡಬೇಕು.