ಪಾಂಡಿತ್ಯದ ಆಚೆಯ ಬಾಲ್ಯ

ನಮ್ಮ ನಗರದ ಕ್ರೈಸ್ತ ಮಿತ್ರರೊಬ್ಬರು, ನನ್ನಂತೆಯೇ ಶಿಕ್ಷಕವೃತ್ತಿಯಿಂದ ನಿವೃತ್ತರಾದವರು, ಪತ್ನೀವಿಯೋಗವಾದ ಕೆಲವು ತಿಂಗಳ ತರುವಾಯ ನನ್ನನ್ನು ಕೇಳಿದರು: “ಗುರುಗಳೇ, ಮಕ್ಕಳಂತಾಗದವನಿಗೆ ಸ್ವರ್ಗರಾಜ್ಯದಲ್ಲಿ ಪ್ರವೇಶವಿಲ್ಲವೆಂಬುದು ನಮ್ಮ ಪ್ರಭುವಿನ ಬೋಧೆ. ನಾನು ಮಗುವಿನಂತೆಯೇ ಬೇಡಿಕೊಂಡೆನು; ಆಕೆ ಉಳಿಯಲಿಲ್ಲ. ಇನ್ನು ಈ ವಯಸ್ಸಿನಲ್ಲಿ ಆ ನಂಬಿಗೆಯನ್ನು ಎಲ್ಲಿಂದ ತರಲಿ?” ಆಗ ನನಗೆ ಉತ್ತರವು ಹೊಳೆಯಲಿಲ್ಲ. ಪ್ರಶ್ನೆಯು ಒಂದು ಮತಕ್ಕೆ ಮಾತ್ರ ಸೇರಿದ್ದಲ್ಲವಾದ ಕಾರಣ ಇಲ್ಲಿ ವಿಚಾರಿಸುವೆನು.

ಬೃಹದಾರಣ್ಯಕೋಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ ಯಾಜ್ಞವಲ್ಕ್ಯರು ಕಹೋಲನಿಗೆ, ಪಾಂಡಿತ್ಯವನ್ನು ಪೂರೈಸಿದ ಬಳಿಕ ಬಾಲ್ಯದಲ್ಲಿ ನಿಲ್ಲಬೇಕೆಂದು ಹೇಳುವರು. ಕ್ರಮವನ್ನು ಗಮನಿಸತಕ್ಕದ್ದು: ಈ ಬಾಲ್ಯವು ಅರಿವಿಗಿಂತ ಮೊದಲಿನದಲ್ಲ, ಅನಂತರದ್ದು. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ, ಇದು ಕೂಸಿನ ಯಥೇಚ್ಛಾಚಾರವಲ್ಲ, ದಂಭದರ್ಪಗಳಿಲ್ಲದ ಶುದ್ಧಭಾವವೆಂದು ನಿರ್ಣಯಿಸಿರುವರು. ಪೌಲನೂ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ, ಕೆಡುಕಿನಲ್ಲಿ ಶಿಶುಗಳೂ ಬುದ್ಧಿಯಲ್ಲಿ ಪ್ರೌಢರೂ ಆಗಿರಬೇಕೆಂದು ಬೋಧಿಸಿದನು. ಕಾರಣ, ಮಗುವಿನ ನಂಬಿಗೆಗಾಗಿ ಬುದ್ಧಿಯನ್ನು ತ್ಯಜಿಸಬೇಕಾದುದಿಲ್ಲ.

ಆದರೆ ಮಿತ್ರರ ನೋವು ಬುದ್ಧಿಯದಲ್ಲ, ಈಡೇರದ ಪ್ರಾರ್ಥನೆಯದು. ಕೋಳೂರು ಕೊಡಗೂಸು ಅತ್ತು ಕರೆದುದಕ್ಕೆ ಶಿವನು ಹಾಲು ಕುಡಿದನು. ಕೇಳಿದ್ದು ದೊರೆತಲ್ಲಿ ನಂಬುವದು ಕಠಿಣವಲ್ಲ; ದೊರೆಯದವನ ಗತಿಯೇನು? ಇದಕ್ಕೆ ಉತ್ತರವು ಅವರ ಗ್ರಂಥದಲ್ಲಿಯೇ ಇರುವದು. ಗೆತ್ಸೇಮನೆಯ ತೋಟದಲ್ಲಿ ಯೇಸುವು ಸಂಕಟದ ಪಾತ್ರೆಯು ತನ್ನಿಂದ ದೂರವಾಗಲೆಂದು ಬೇಡಿದನು, ಅದು ದೂರವಾಗಲಿಲ್ಲ. ಶಿಲುಬೆಯ ಮೇಲೆ, ಏಕೆ ಕೈಬಿಟ್ಟೆಯೆಂದು ಕೂಗಿದನು. ಆದರೂ ಲೂಕನು ಹೇಳುವಂತೆ ಕೊನೆಯ ಉಸಿರಿನಲ್ಲಿ ತಂದೆಯೆಂದೇ ಕರೆದನು. ತಾಯಿಯು ಗದರಿಸಿದರೆ ಕೂಸು ಅಳುವದು ನಿಜ. ಆದರೆ ಅದೇ ತಾಯಿಯ ಸೆರಗನ್ನು ಹಿಡಿದೇ ಅಳುವದು. ಬೇಡಿದ್ದು ಸಿಕ್ಕೇ ಸಿಗುವದೆಂಬ ಖಾತ್ರಿಯಲ್ಲ, ಸಿಗದಿದ್ದರೂ ಬೇರೆ ಮನೆಗೆ ಹೋಗದಿರುವದೇ ಮಗುವಿನ ನಂಬಿಗೆ.

ಪಾಂಡಿತ್ಯದ ಆಚೆಯ ಈ ಬಾಲ್ಯವನ್ನು ನಾವು ಕಣ್ಣಾರೆ ಕಂಡಿರುವೆವು. ತಿಕೋಟಾ ಭಾಗದ ಬಿಜ್ಜರಗಿಯಲ್ಲಿ ಜನಿಸಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ಉಪನಿಷತ್ತು, ಗೀತೆ, ವಚನಗಳನ್ನು ಆಳವಾಗಿ ಬಲ್ಲವರು. ತೊಟ್ಟದ್ದು ಜೇಬಿಲ್ಲದ ಅಂಗಿ. 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಒಲ್ಲೆನೆಂದರು. 2023ರ ಜನವರಿ 2ರಂದು ಅವರು ದೇಹಬಿಟ್ಟಾಗ, ದೇಹವನ್ನು ಅಗ್ನಿಗೆ ಅರ್ಪಿಸಿರಿ, ಸ್ಮಾರಕವು ಬೇಡವೆಂದು ಮೊದಲೇ ಬರೆದಿಟ್ಟ ಪತ್ರವು ದೊರೆಯಿತು. ದಿನವೆಲ್ಲ ಆಡಿದ ಮಗು ಆಟಿಗೆಯನ್ನು ಅಲ್ಲಿಯೇ ಬಿಟ್ಟು ಮಲಗುವಂತೆ ಅವರು ಹೋದರು.

ನನಗೆ ಆ ಸ್ಥಿತಿಯು ಬಂದಿಲ್ಲ. ಜಪಕ್ಕೆ ಕುಳಿತರೂ ಮನಸ್ಸು ಶ್ಲೋಕದ ವಿಭಕ್ತಿಯನ್ನು ತಿದ್ದುತ್ತಿರುವದು. ಆದರೂ ಮಿತ್ರರಿಗೆ ಇಷ್ಟನ್ನು ಹೇಳಿದೆನು: “ನೀವು ದೇವರೊಡನೆ ಮುನಿಸಿಕೊಂಡಿರುವಿರಿ. ಮುನಿಸು ಇರುವಲ್ಲಿ ನಂಟು ಕಡಿದಿಲ್ಲ.” ಅವರು ಮಾತಾಡದೆ ಹೊರಟುಹೋದರು. ಮುಂದಿನ ಭೇಟಿಯಲ್ಲಿ ತಾವಾಗಿಯೇ ಅಂದರು: “ರವಿವಾರ ಚರ್ಚಿಗೆ ಹೋಗಿದ್ದೆನು. ಹಾಡಲು ಬಾಯಿ ಬರಲಿಲ್ಲ. ಆದರೂ ಮುಗಿಯುವವರೆಗೆ ಕುಳಿತಿದ್ದೆನು.”

ಅಷ್ಟು ಸಾಕೆಂದು ನನಗೆ ತೋರುವದು.